ತಾನಾಗಿ ಮುಚ್ಚಿಕೊಳ್ಳದ ಸಂದಿ

ಸಮುದ್ರದಂಡೆಯ ಒಂದೂರಿನಲ್ಲಿ ಒಬ್ಬ ಶ್ರೀಮಂತ ಇದ್ದ. ಹೆಸರು ಹೇಳುವುದಿಲ್ಲ. ಹೇಳಿದರೆ ಅದು ಅವನ ಕಥೆ ಎಂದುಕೊಂಡು ನೀವು ಆರಾಮಾಗಿ ಕೂತುಬಿಡುತ್ತೀರಿ. ಅವನಿಗೆ ಮನೆಯಿತ್ತು, ತೋಟವಿತ್ತು. ಆದರೆ ಜೀವವೆಲ್ಲ ಅಪ್ಪನ ಕಾಲದ ಪುಟ್ಟ ಹಾಯಿದೋಣಿಯ ಮೇಲೆ.

ಮರದ ದೋಣಿಗೆ ಆರೈಕೆ ಬೇಕು, ನೋಡಿ. ಮಳೆಗಾಲದಲ್ಲಿ ದಡಕ್ಕೆಳೆದು ದಿಮ್ಮಿಗಳ ಮೇಲೆ ನಿಲ್ಲಿಸಬೇಕು. ಹಲಗೆಗಳ ಸಂದಿಯಿಂದ ಹಳೆಯ ಹತ್ತಿ ಕಿತ್ತು ಹೊಸದನ್ನು ಬಡಿದು ತುಂಬಬೇಕು, ಎಣ್ಣೆ ಕುಡಿಸಬೇಕು. ಅದಕ್ಕೂ ಮೊದಲು ಹಲಗೆ ತಟ್ಟಿ ನೋಡಬೇಕು. ಅದು ಒಬ್ಬರ ಕೆಲಸವಲ್ಲ. ಒಬ್ಬ ಹೊರಗಿನಿಂದ ಕೊಡತಿಯಲ್ಲಿ ತಟ್ಟುತ್ತಾ ಹೋಗಬೇಕು, ಇನ್ನೊಬ್ಬ ಒಳಗೆ ಕೂತು ಹಲಗೆಗೆ ಕಿವಿ ಕೊಡಬೇಕು. ಗಟ್ಟಿ ಮರ ಟಣ್ ಎನ್ನುತ್ತದೆ. ಕೊಳೆತದ್ದು ದಬ್ ಎನ್ನುತ್ತದೆ. ಅವನಿಗೆ ಬೇರೆ ಮನೆ ಮಾಡಿಕೊಂಡಿದ್ದ ಒಬ್ಬ ತಮ್ಮನಿದ್ದ. ಪ್ರತಿ ವರ್ಷ ಅಣ್ಣ ತಟ್ಟುತ್ತಿದ್ದ, ತಮ್ಮ ಕೇಳುತ್ತಿದ್ದ.

ಒಂದು ವರ್ಷ ತಮ್ಮನ ಮಗಳ ಮದುವೆಯಾಯಿತು. ಅಣ್ಣನನ್ನು ಕರೆಯಲು ತಮ್ಮ ತಾನೇ ಬರಲಿಲ್ಲ, ಮಗನನ್ನು ಕಳಿಸಿದ. ಅಷ್ಟೇ! ನಗಬೇಡಿ. ನಿಮ್ಮ ಮನೆಯ ಜಗಳ ಇದಕ್ಕಿಂತ ದೊಡ್ಡದೇನು? ಅಣ್ಣ ಮದುವೆಗೆ ಹೋಗಲಿಲ್ಲ. ಮಾತು ನಿಂತಿತು.

ದೋಣಿ ರಿಪೇರಿಯ ದಿನ ಬಂದಾಗ ಹೆಂಡತಿ, "ನಿಮ್ ತಮ್ಮನ್ನ ಒಂದ್ಸಲ ಕರೀರಿ" ಎಂದಳು.

"ನಾ ಎಂತಕ್ಕೆ ಕರೂದು? ಬೇಕಾರೆ ಅವ್ನೇ ಬರ್ಲಿ."

ತಟ್ಟುವ ಕೆಲಸ ಬಿಟ್ಟ. ಸಂದಿಗೆ ಹತ್ತಿ ತುಂಬಿ, ಮೇಲೆ ದಪ್ಪಗೆ ನೀಲಿ ಬಣ್ಣ ಬಳಿದ. ದೋಣಿ ಮದುಮಗಳ ಹಾಗೆ ಕಂಡಿತು. ನೀರಿಗಿಳಿಸಿದ ದಿನ ತಳದಲ್ಲಿ ನೀರು ಜಿನುಗಿತು. ಅವನು ಹೆದರಲಿಲ್ಲ. "ಮರ ನೀರ್ ಕುಡೀಲಿ, ತನ್ನಿಂದ್ ತಾನೇ ಮುಚ್ಕಂತ್ತ್" ಎಂದ. ಸುಳ್ಳಲ್ಲ. ಒಣಗಿದ ಗಟ್ಟಿ ಮರ ನೀರು ಕುಡಿದು ಉಬ್ಬುತ್ತದೆ, ಸಂದಿ ಮುಚ್ಚುತ್ತದೆ. ಆದರೆ ಕೊಳೆತ ಮರ? ಅದು ಉಬ್ಬುವುದಿಲ್ಲ ಸ್ವಾಮಿ, ಉದುರುತ್ತದೆ.

ಮರುದಿನವೂ ಅವನು ನೀರು ಮೊಗೆದು ಚೆಲ್ಲುವುದನ್ನು ತಮ್ಮ ದಡದಿಂದ ಕಂಡ. ಇಷ್ಟು ನೀರು ಹತ್ತಿಯ ಸಂದಿಯದಲ್ಲ, ಹಲಗೆಯೇ ಹೋಗಿದೆ ಎಂದು ಅವನಿಗೆ ತಿಳಿಯಿತು. "ಹೋಯ್ ಒಂದ್ ಮಾತ್ ಹೇಳಿ" ಎಂದಳು ಅವನ ಹೆಂಡತಿ.

"ನಾ ಎಂತಕ್ಕೆ ಹೇಳೂದು? ಕೇಳ್ಲಿ, ಹೇಳ್ತೆ."

ಕೇಳಿದಿರಾ? ಎರಡು ಮನೆ, ಒಂದೇ ಮಾತು. ನಾ ಎಂತಕ್ಕೆ!

ಅಣ್ಣ ಹಾಯಿ ಬಿಚ್ಚಿ ಹೊರಟ. ನದಿ ಸಮುದ್ರ ಸೇರುವಲ್ಲಿ ಅಲೆ ಹೊಡೆದಾಗ ಹಲಗೆ ಒಡೆಯಿತು. ಅವನಿಗೆ ಈಜು ಬರುತ್ತಿತ್ತು. ಆ ಸೆಳೆತದಲ್ಲಿ ಈಜು ಎಷ್ಟು ಹೊತ್ತು ಕಾಯುತ್ತದೆ?

ಹೆಣ ಸಿಕ್ಕಿತು. ದೋಣಿಯೂ ಸಿಕ್ಕಿತು. ಎಲ್ಲ ಮುಗಿದ ಮೇಲೆ ತಮ್ಮ ಒಬ್ಬನೇ ಹೋಗಿ ಆ ಮುರುಕು ದೋಣಿಯೊಳಗೆ ಕೂತ. ರೂಢಿಯಂತೆ ಹಲಗೆಗೆ ಕಿವಿ ಕೊಟ್ಟ. ಹೊರಗಿನಿಂದ ತಟ್ಟುವವರು ಯಾರಿದ್ದಾರೆ? ಯಾರೂ ಇಲ್ಲ. ಹೆಂಗಸರು ಬಂದು ಎಬ್ಬಿಸುವವರೆಗೂ ಅವನು ಕಿವಿ ತೆಗೆಯಲಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಹಿಂದಿನ ಸಾಲಿನವರೂ ಇತ್ತ ನೋಡಿ. ಈ ಚಪ್ಪರದ ಆ ತುದಿಯಲ್ಲಿ ಅಣ್ಣ, ಈ ತುದಿಯಲ್ಲಿ ತಮ್ಮ ಕೂತಿರುವುದು ನನಗೆ ಕಾಣುವುದಿಲ್ಲವೇ? ಜಗಳವಾಡಿ ಎಷ್ಟೋ ಕಾಲವಾಯಿತು, ಈಗ ಎಲ್ಲ ಸರಿಯಾಗಿದೆ ಎನ್ನುತ್ತೀರಿ. ಸರಿಯಾಗಿದೆಯೋ, ಬಣ್ಣ ಬಳಿದಿದ್ದೀರೋ? ಹಬ್ಬದಲ್ಲಿ ಎದುರಾದಾಗ ನಗುವುದು ಬಣ್ಣ. ಮಕ್ಕಳ ಕೈಯಲ್ಲಿ ಹೇಳಿಕಳಿಸುವುದು ಬಣ್ಣ. ಕಾಲ ಕಳೆದರೆ ತಾನಾಗಿ ಸರಿಹೋಗುತ್ತದೆ ಎಂದು ಕಾಯಬೇಡಿ. ತಟ್ಟಿ ನೋಡದೆ ಒಳಗಿನ ಮರ ಗಟ್ಟಿಯೋ ಕೊಳೆತದ್ದೋ ತಿಳಿಯುವುದಿಲ್ಲ.

ಆದ್ದರಿಂದ ಇವತ್ತು ಪ್ರಸಾದ ತೆಗೆದುಕೊಂಡು ನೇರ ಮನೆಗೆ ಹೋಗಬೇಡಿ. ಮಾತು ಬಿಟ್ಟವರ ಮನೆಗೆ ಹೋಗಿ. ಮಗನನ್ನು ಕಳಿಸಬೇಡಿ, ಫೋನು ಮಾಡಬೇಡಿ, ನೀವೇ ಹೋಗಿ. ತಪ್ಪು ಯಾರದು ಎಂದು ಆಮೇಲೆ ನೋಡೋಣ. ಬಾಗಿಲು ತಟ್ಟಿ. ಒಳಗೆ ಒಬ್ಬರು ಕಿವಿ ಕೊಟ್ಟು ಕೂತಿರಬಹುದು.