ಷಡ್ಜ ಮುಟ್ಟಿ ನಿಂತವನು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಶ್ರೀಮಂತ ಅಂದ ತಕ್ಷಣ ನಿಮ್ಮ ಕಣ್ಣಿಗೆ ಉಪ್ಪರಿಗೆ ಮನೆ, ಬೆಳ್ಳಿ ಲೋಟ, ಬಾಗಿಲಲ್ಲಿ ಕಾರು ಕಂಡಿರಬೇಕು. ಅಳಿಸಿಬಿಡಿ. ಇವನ ಹತ್ತಿರ ಅದ್ಯಾವುದೂ ಇರಲಿಲ್ಲ. ಇವನಿಗಿದ್ದದ್ದು ಉಸಿರು. ನಾದಸ್ವರ ನುಡಿಸೋನು. ಒಂದು ಸಲ ಎದೆ ತುಂಬಾ ಗಾಳಿ ಎಳೆದುಕೊಂಡ ಅಂದ್ರೆ, ಗಂಡಿನ ಕಡೆಯವರು ಬಸ್ಸಿಳಿದು, ಕಾಲು ತೊಳೆದು, ಒಳಗೆ ಬರೋವರೆಗೂ ಒಂದೇ ಸ್ವರ ಹಿಡಿದು ನಿಲ್ಲಿಸ್ತಿದ್ದ ಅಂತ ಜನ ಹೇಳ್ತಿದ್ದರು. ಜನ ಸ್ವಲ್ಪ ಜಾಸ್ತಿ ಹೇಳ್ತಾರೆ, ನೀವು ಅರ್ಧಕ್ಕೆ ಇಳಿಸಿಕೊಳ್ಳಿ. ಅರ್ಧ ಅಂದ್ರೂ ಕಮ್ಮಿಯೇನಲ್ಲ.

ಅವನ ಹೆಸರೇನು ಬುದ್ಧಿ ಅಂತ ಕೇಳಬೇಡಿ. ಹೆಸರು ಹೇಳಿದ್ರೆ ನೀವು ಅವನನ್ನ ಹುಡುಕ್ಕೊಂಡು ಹೋಗ್ತೀರಿ, ನಿಮ್ಮನ್ನ ನೀವು ಹುಡುಕಲ್ಲ.

ಅವನಿಗೊಬ್ಬರು ಗುರುಗಳಿದ್ದರು. ದೊಡ್ಡ ವಿದ್ವಾಂಸರು. ಎಂಟು ವರ್ಷ ಅವರ ಮನೆಯಲ್ಲೇ ಇದ್ದು, ನೀರು ಸೇದಿ, ಬಟ್ಟೆ ಒಗೆದು ಕಲಿತ. ಗುರುಗಳು ತೀರಿಕೊಂಡು ಹನ್ನೆರಡು ವರ್ಷ ಆಗಿತ್ತು. ಆದರೂ ಅವರು ಹೆಂಗೆ ನುಡಿಸ್ತಿದ್ದರೋ ಇವನೂ ಹಂಗೇ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅವರು ನುಡಿಸುವಾಗ ಕತ್ತು ಎಡಕ್ಕೆ ವಾಲುತ್ತಿತ್ತು, ಇವನದೂ ಎಡಕ್ಕೇ ವಾಲುತ್ತಿತ್ತು.

ಅದರಲ್ಲೂ ಒಂದು ಜಾಗ ಇತ್ತು, ಗಮನ ಇಟ್ಟು ಕೇಳಿ. ಕಲ್ಯಾಣಿ ರಾಗದ ಒಂದು ಕೀರ್ತನೆ. ಮಧ್ಯದಲ್ಲಿ ಸ್ವರ ಒಂದೊಂದೇ ಮೆಟ್ಟಿಲು ಹತ್ತುತ್ತೆ, ಹತ್ತಿ ಹತ್ತಿ ಮೇಲಿನ ಷಡ್ಜ ಮುಟ್ಟುತ್ತೆ. ಮುಟ್ಟಿದ್ದೇ ತಡ, ನಿಲ್ಲಿಸಿಬಿಡೋದು. ನಾದಸ್ವರ ಇಲ್ಲ, ಡೋಲಿಲ್ಲ, ತಾಳದ ಒಂದು ಪೂರ್ತಿ ಸುತ್ತು ಮೌನ. ಹಿಂದುಗಡೆ ಶ್ರುತಿ ಒಂದು ಗುಂಯ್ ಅಂತಿರುತ್ತೆ. ಆಮೇಲೆ ಕೆಳಗಿಂದ ಮತ್ತೆ ಪಲ್ಲವಿ. ಗುರುಗಳು ಹಂಗೆ ಮಾಡ್ತಿದ್ದರು, ಇವನೂ ಹಂಗೇ ಮಾಡ್ತಿದ್ದ. ತಿಳಿದವರೆಲ್ಲ ಕಣ್ಣು ಮುಚ್ಚಿ, ಆ ಮೌನದಲ್ಲಿ ಎಂಥಾ ಅರ್ಥ ಇದೆ ಅಂತ ತಲೆದೂಗ್ತಿದ್ದರು. ಒಬ್ಬ ಮೇಷ್ಟ್ರಂತೂ ಆ ಮೌನದ ಮೇಲೆ ಮುಕ್ಕಾಲು ಗಂಟೆ ಭಾಷಣ ಮಾಡಿದ್ದರಂತೆ.

ಇನ್ನು ಡೋಲಿನವನು. ಅವನು ಬೇರೆ ಯಾರೂ ಅಲ್ಲ, ಇವನ ಹೆಂಡತಿಯ ಅಣ್ಣ. ಇಪ್ಪತ್ತು ವರ್ಷದ ಜೊತೆ. ಜ್ಯೇಷ್ಠ ಮಾಸದ ಕೊನೇ ಮದುವೆ ಮುಗಿದ ದಿನ, ಡೋಲಿಗೆ ಬಟ್ಟೆ ಸುತ್ತುತ್ತಾ, ತಲೆ ಎತ್ತದೆ ಒಂದು ಮಾತು ಹೇಳಿದ. ಆಷಾಢ ಕಳೆದ ಮೇಲೆ ಪಕ್ಕದೂರಿನ ಮೇಳಕ್ಕೆ ಸೇರ್ಕೋತೀನಿ, ಶ್ರಾವಣದ ಮೊದಲ ಮುಹೂರ್ತಕ್ಕೆ ಒಂದು ಮದುವೆ ಒಪ್ಪಿಕೊಂಡಿದೀವಲ್ಲ, ಅದೊಂದು ನುಡಿಸಿಕೊಟ್ಟು ಹೋಗ್ತೀನಿ ಅಂದ.

ಇವನು ಕೈಯಲ್ಲಿದ್ದ ನಾದಸ್ವರ ಕೆಳಗಿಟ್ಟ. ಜಗಳ ಇಲ್ಲ, ಮನಸ್ತಾಪ ಇಲ್ಲ, ಏಕಾಏಕಿ ಹಿಂಗಂದ್ರೆ? ನನ್ನಿಂದ ಏನು ತಪ್ಪಾಯ್ತು ಭಾವ ಅಂತ ಕೇಳಿದ.

"ತಪ್ಪೇ ಆಗಲ್ಲವಲ್ಲಯ್ಯಾ ನಿನ್ನಿಂದ," ಅಂದ ಭಾವ. "ಅದೇ ನನ್ನ ಕಷ್ಟ. ನೀನು ಮುಂದೆ ಏನು ನುಡಿಸ್ತೀಯ ಅಂತ ನನ್ನ ಕೈಗೆ ನಿನಗಿಂತ ಮೊದಲೇ ಗೊತ್ತಿರ್ತದೆ. ಕೈಗೆ ಜೋಮು ಹಿಡಿದಂಗಾಗಿದೆ."

ಎಂಥಾ ಮಾತು ನೋಡಿ. ಬೈದಿದ್ರೆ ತಡ್ಕೋಬಹುದಿತ್ತು. ಮೊದಲ ದಿನ ಇವನಿಗೆ ಸಿಟ್ಟು ಬಂತು, ಗುರುಗಳ ಪಾಠಕ್ಕೇ ಅವಮಾನ ಮಾಡಿದ ಅಂತ. ಎರಡನೇ ದಿನ ಭಯ ಬಂತು. ಡೋಲಿನವರು ಬೇಕಾದಷ್ಟು ಜನ ಸಿಗ್ತಾರೆ. ಆದರೆ ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ಕೇಳಿದೋನೇ ಇವನಲ್ಲಿ ಕೇಳೋಕೆ ಇನ್ನೇನೂ ಉಳಿದಿಲ್ಲ ಅಂತ ಎದ್ದು ಹೋದ್ರೆ, ಇವನು ವಿದ್ವಾಂಸನಾಗಿ ಉಳಿದನೋ, ಬರೀ ಊದೋನಾದನೋ? ಆ ಪ್ರಶ್ನೆ ಅನ್ನ ತಿನ್ನೋಕೆ ಬಿಡಲಿಲ್ಲ.

ಏನಾದರೂ ಹೊಸದು ಹುಟ್ಟಬೇಕಲ್ಲ? ಸ್ಫೂರ್ತಿ ಬೇಕಲ್ಲ? ನೀವು ಮಾಡೋದನ್ನೇ ಅವನೂ ಮಾಡಿದ. ಹರಿಯೋ ನೀರು ನೋಡ್ತಾ ಕೂತ್ರೆ ರಾಗ ಹುಟ್ಟುತ್ತೆ ಅಂತ ಯಾರೋ ಹೇಳಿದ್ದರು. ನಾಲ್ಕು ದಿನ ಬೆಳಗಾಗೆದ್ದು ನದಿ ದಂಡೆ ಮೇಲೆ ಕೂತ. ನೆಗಡಿ ಹುಟ್ಟಿತು.

ಆಗ ಅವನಿಗೆ ಒಂದು ಅನುಮಾನ ಬಂತು. ಗುರುಗಳು ನನಗೆ ಎಲ್ಲಾ ಹೇಳಿಕೊಡಲಿಲ್ಲವೇನೋ, ಏನೋ ಒಂದನ್ನ ಬಚ್ಚಿಟ್ಟುಕೊಂಡೇ ಹೋದರೇನೋ ಅಂತ. ನೋಡಿ, ಮನುಷ್ಯನಿಗೆ ತಾನು ಬೆಳೀದೇ ಹೋದ್ರೆ ಮೊದಲು ಅನುಮಾನ ಹೋಗೋದು ಹೇಳಿಕೊಟ್ಟವರ ಮೇಲೇ. ಸರಿ, ನಾದಸ್ವರ ಹೆಗಲಿಗೇರಿಸಿಕೊಂಡು ಗುರುಗಳ ಮನೆಗೆ ಹೊರಟ. ಅಲ್ಲಿ ಗುರುಪತ್ನಿ ಇದ್ದರು, ಎಂಬತ್ತರ ಮುದುಕಮ್ಮ. ಜಗಲಿ ಮೇಲೆ ಕೂತು ಕಡಲೆಕಾಯಿ ಬಿಡಿಸ್ತಿದ್ದರು. ಇವನು ಕಾಲಿಗೆ ಬಿದ್ದು, ಗುರುಗಳು ಬರೆದಿಟ್ಟ ಪುಸ್ತಕ ಗಿಸ್ತಕ ಏನಾದರೂ ಉಳಿದಿದೆಯಾ ಅಮ್ಮ ಅಂತ ಕೇಳಿದ. ಅವರಿಗೆ ಬರೆಯೋಕೆ ಎಲ್ಲಿ ಬರ್ತಿತ್ತಪ್ಪ ಅಂತ ಅಮ್ಮ ನಕ್ಕುಬಿಟ್ಟರು. ಬಂದದ್ದು ಬಂದಿದೀಯ, ಆ ಕಲ್ಯಾಣಿ ನುಡಿಸು, ಕೇಳಿ ಬಹಳ ದಿನ ಆಯ್ತು ಅಂದರು.

ನುಡಿಸಿದ. ಸ್ವರ ಹತ್ತಿತು, ಹತ್ತಿತು, ಮೇಲಿನ ಷಡ್ಜ ಮುಟ್ಟಿತು. ನಿಲ್ಲಿಸಿದ. ಮೌನ.

ಅಮ್ಮನ ಕೈ ಕಡಲೆಕಾಯಿ ಮೇಲೆ ಹಂಗೇ ನಿಂತಿತು. ಯಾಕಪ್ಪ ನಿಲ್ಲಿಸಿದೆ, ಉಸಿರು ಸಾಲಲಿಲ್ವಾ ಅಂದರು. ಇವನಿಗೆ ನಗು ಬಂತು. ಸಾಲದೆ ಏನಮ್ಮ, ಅದು ಗುರುಗಳ ಪಾಠ, ಆ ಮೌನವೇ ನಮ್ಮ ಪರಂಪರೆಯ ಗುಟ್ಟಲ್ಲವಾ ಅಂದ.

ಅಮ್ಮ ಅವನ ಮುಖ ನೋಡಿದರು. ಕಣ್ಣಲ್ಲಿ ನೀರು ತುಂಬಿತು. "ಗುಟ್ಟು ಎಲ್ಲಿದಪ್ಪ? ಅವರಿಗೆ ಉಬ್ಬಸ ಇತ್ತು. ಕೊನೇ ಇಪ್ಪತ್ತು ವರ್ಷ ಅಲ್ಲಿಗೆ ಬರೋ ಹೊತ್ತಿಗೆ ಎದೆ ಕಟ್ಟಿಬಿಡ್ತಿತ್ತು. ನಿಲ್ಲಿಸಿ ಸುಧಾರಿಸಿಕೊಳ್ತಿದ್ದರು. ಹೊರಗೆ ಗೊತ್ತಾದ್ರೆ ಯಾರೂ ಕರೆಯಲ್ಲ ಅಂತ ಯಾರಿಗೂ ಹೇಳ್ತಿರಲಿಲ್ಲ."

ಕೇಳಿದಿರಾ? ಇಪ್ಪತ್ತು ವರ್ಷ. ಇಪ್ಪತ್ತು ವರ್ಷ ಇವನು ನುಡಿಸಿದ್ದು ಗುರುವಿನ ಸಂಗೀತವನ್ನ ಮಾತ್ರ ಅಲ್ಲ, ಗುರುವಿನ ಕಾಯಿಲೆಯನ್ನೂ ನುಡಿಸಿದ. ಎದೆ ತುಂಬಾ ಉಸಿರಿಟ್ಟುಕೊಂಡು, ಉಬ್ಬಸದವನ ಹಾಗೆ ನಿಂತುಕೊಂಡ. ಇಂಥಾ ಶ್ರೀಮಂತನಿಗೆ ಏನಂತೀರಿ ನೀವು?

ಆದರೆ ಅವನಿಗಿನ್ನೂ ಬುದ್ಧಿ ಬಂದಿರಲಿಲ್ಲ, ನಗಬೇಡಿ, ನಮಗೂ ಅಷ್ಟು ಬೇಗ ಬರಲ್ಲ. ಹಂಗಾದ್ರೆ ಉಬ್ಬಸ ಬರೋಕೆ ಮುಂಚೆ ಅಲ್ಲಿ ಏನು ನುಡಿಸ್ತಿದ್ದರು, ಅದನ್ನ ಹೇಳಮ್ಮ, ಅದನ್ನೇ ಕಲೀತೀನಿ ಅಂದ. ಅಂದ್ರೆ ಮತ್ತೊಂದು ನಕಲು! ದಿನಾ ಒಂದೊಂದು ಥರ ನುಡಿಸ್ತಿದ್ದರಪ್ಪ, ನಾನು ಯಾವುದು ಅಂತ ಹೇಳಲಿ ಅಂದರು ಅಮ್ಮ. ಮತ್ತೆ ಎಲ್ಲಿಂದ ತರ್ತಿದ್ದರು ಅಂತ ಕೇಳಿದ.

"ಮದುವೆ ಮನೇಲಿ ಅರಿಶಿನದ ಶಾಸ್ತ್ರ ಮಾಡುವಾಗ ಹೆಂಗಸರು ಸೋಬಾನೆ ಹಾಡ್ತಾರಲ್ಲ, ಆಗ ನೀವೆಲ್ಲ ಎಲ್ಲಿರ್ತಿದ್ರಿ?"

ಅವನು ನೆನಪು ಮಾಡಿಕೊಂಡ. ಹೆಂಗಸರು ಹಾಡೋಕೆ ಕೂತರು ಅಂದ್ರೆ ವಾಲಗದವರಿಗೆ ಬಿಡುವು. ಎಲ್ಲರೂ ಅಡಿಗೆಯವರ ಹತ್ತಿರ ಕಾಫಿಗೆ ಹೋಗ್ತಿದ್ದರು. ಗುರುಗಳು ಮಾತ್ರ ಹೆಂಗಸರ ಪಕ್ಕದ ಚಾಪೆ ಮೇಲೆ ಕಂಬಕ್ಕೊರಗಿ ಕಣ್ಣು ಮುಚ್ಚಿ ಕೂತಿರ್ತಿದ್ದರು. ಪಾಪ, ವಯಸ್ಸಾಯ್ತು, ನಿದ್ದೆ ಹತ್ತಿದೆ ಅಂತ ಶಿಷ್ಯರೆಲ್ಲ ಅಂದುಕೊಂಡಿದ್ದರು.

ನಿದ್ದೆಯಲ್ಲ ಸ್ವಾಮಿ, ಕೇಳ್ತಿದ್ದರು. ಪ್ರತಿ ಮದುವೆಯಲ್ಲೂ ಸ್ಫೂರ್ತಿ ಚಾಪೆ ಮೇಲೆ ಕೂತು ಹಾಡ್ತಿತ್ತು, ನಮ್ಮ ವಿದ್ವಾಂಸ ಕಾಫಿ ಕುಡೀತಿದ್ದ.

ಮನೆಗೆ ಬಂದ. ಆಷಾಢ. ಮದುವೆ ಇಲ್ಲ, ಸೋಬಾನೆ ಎಲ್ಲಿ ಕೇಳೋದು? ಹೆಂಡತಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೇರುತ್ತಿದ್ದಳು. ನಿನಗೆ ಸೋಬಾನೆ ಬರುತ್ತಾ ಅಂತ ಸಂಕೋಚದಿಂದ ಕೇಳಿದ. ಅವಳು ಇವನ ಹಣೆ ಮುಟ್ಟಿ ನೋಡಿದಳು, ಜ್ವರ ಏನಾದರೂ ಬಂದಿದೆಯಾ ಅಂತ. ಆಮೇಲೆ ಹೇಳಿದಳು, ನಮ್ಮವ್ವ ಕಲಿಸಿದ ಮೂವತ್ತು ಹಾಡು ಬರ್ತವೆ, ಕಟ್ಟಿಕೊಂಡು ಇಪ್ಪತ್ತೆರಡು ವರ್ಷದಲ್ಲಿ ನೀವು ಯಾವತ್ತು ಕೇಳಿದ್ರಿ ಅಂತ. ತಲೆ ತಗ್ಗಿಸಿ ಮೊರದ ಪಕ್ಕ ಕೂತ. ಅವಳು ಹಾಡಿದಳು. ಒಂದು ಹಾಡಲ್ಲಿ ಸಾಲು ಮುಗಿಯೋ ಕಡೆ ದನಿ ಕೆಳಗಿಳಿಯಬೇಕು, ಆದರೆ ಅವಳು ಇಳಿಯಲಿಲ್ಲ, ಅಲ್ಲೇ ಒಂದು ಸಲ ಜೋಕಾಲಿ ಹಂಗೆ ತೂಗಿ ಮತ್ತೆ ಮೇಲಕ್ಕೇ ಹೋದಳು. ಇನ್ನೊಂದ್ಸಲ ಹಾಡು ಅಂದ. ಅವತ್ತು ಹನ್ನೊಂದು ಸಲ ಹಾಡಿಸಿದ. ಅಕ್ಕಿ ಕೇರಿ ಮುಗಿಯಲೇ ಇಲ್ಲ, ಮಧ್ಯಾಹ್ನದ ಊಟ ಸಾಯಂಕಾಲವಾಯಿತು.

ಇಲ್ಲಿಗೆ ಎಲ್ಲ ಸರಿಹೋಯ್ತು ಅಂದುಕೊಳ್ಳಬೇಡಿ. ಕೇಳಿದ ತಕ್ಷಣ ಬಂದುಬಿಡೋಕೆ ಅದೇನು ನೆಗಡಿಯೇ? ಮಾರನೇ ದಿನ ಕೂತು ಷಡ್ಜ ಮುಟ್ಟಿ ಮುಂದಕ್ಕೆ ಹೋಗೋಕೆ ನೋಡಿದ. ಬೆರಳು ಕಲ್ಲಾಗಿಬಿಟ್ಟಿತು. ಉಸಿರಿದೆ, ದಾರಿ ಗೊತ್ತಿಲ್ಲ. ಪೀಂಯ್ ಅಂತ ಅಪಸ್ವರ. ಮತ್ತೆ ಪೀಂಯ್. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, ಯಾರಮ್ಮ ನಿಮ್ಮನೇಲಿ ಹೊಸದಾಗಿ ಕಲೀತಿರೋದು ಅಂತ ಕೇಳಿದಳು. ನಲವತ್ತೈದು ವರ್ಷದ ವಿದ್ವಾಂಸನಿಗೆ ನಾಚಿಕೆಯಿಂದ ಕಿವಿ ಕೆಂಪಾಯಿತು. ನಿಲ್ಲಿಸಿದನಾ? ಇಲ್ಲ. ಮೊದಲ ವಾರ ಎರಡು ಸ್ವರ ಮುಂದೆ ಹೋದ. ಎರಡನೇ ವಾರ ತಾಳದ ಅರ್ಧ ಸುತ್ತು. ಆಷಾಢ ಮುಗಿಯೋ ಹೊತ್ತಿಗೆ ಪೂರ್ತಿ ಸುತ್ತು ತುಂಬೋಕೆ ಬಂತು, ದಿನಾ ಒಂದೊಂದು ಥರ, ಒಂದು ದಿನ ಚೆಂದ, ಎರಡು ದಿನ ಸುಮಾರು.

ಶ್ರಾವಣ ಬಂತು, ಮದುವೆ ಬಂತು. ಭಾವನಿಗೆ ಇವನು ಏನೂ ಹೇಳಿರಲಿಲ್ಲ. ಮುಹೂರ್ತಕ್ಕಿನ್ನೂ ಹೊತ್ತಿತ್ತು, ಜನವೆಲ್ಲ ಉಪ್ಪಿಟ್ಟು ಕೇಸರಿಬಾತಿನ ಕಡೆ ಹೋಗಿದ್ದರು. ಇವನು ಕಲ್ಯಾಣಿ ಎತ್ತಿಕೊಂಡ. ಈಗ ಡೋಲಿನವನಿಗೆ ಒಂದು ಅಭ್ಯಾಸ ಇತ್ತು. ಆ ಮೌನದ ಸುತ್ತು ಬಂತು ಅಂದ್ರೆ ಸೊಂಟದ ಚೀಲದಿಂದ ಎಲೆ ತೆಗೆದು, ಅಡಿಕೆ ಇಟ್ಟು, ಮಡಿಸಿ ಬಾಯಿಗೆ ಹಾಕ್ಕೊಳ್ಳೋದು. ಇಪ್ಪತ್ತು ವರ್ಷದಿಂದ ಸಮಯ ಕರಾರುವಾಕ್ಕಾಗಿ ಸಾಕಾಗ್ತಿತ್ತು. ಸ್ವರ ಷಡ್ಜ ಮುಟ್ಟಿತು, ಡೋಲಿನವನ ಕೈ ಚೀಲಕ್ಕೆ ಹೋಯಿತು. ಸ್ವರ ನಿಲ್ಲಲಿಲ್ಲ.

ಷಡ್ಜ ದಾಟಿ, ತೂಗಿ, ಮತ್ತೂ ಮೇಲಕ್ಕೆ ಹೋಯಿತು. ಡೋಲಿನವನು ಬೆಚ್ಚಿಬಿದ್ದ. ಎಲೆ ಒಂದು ಕಡೆ ಬಿತ್ತು, ಅಡಿಕೆ ಒಂದು ಕಡೆ ಉರುಳಿತು. ಕೋಲಿಗೆ ತಡಕಾಡಿದ. ಅರ್ಧ ಸುತ್ತು ಕಳೆದ ಮೇಲೆ ಕೈ ಡೋಲಿನ ಮೇಲೆ ಬಂತು, ಆದರೆ ಎಲ್ಲಿ ಹೊಡೀಬೇಕು ಅಂತ ಗೊತ್ತಿಲ್ಲ, ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ ಅವನು ಕೇಳಿಸಿಕೊಂಡು ಹೊಡೀಬೇಕಾಯಿತು. ನಾದಸ್ವರ ಒಂದು ಕಡೆ ಜಾರಿತು, ಸುಳ್ಳು ಯಾಕೆ ಹೇಳಲಿ. ಜಾರಿ ಮತ್ತೆ ಎದ್ದುಕೊಂಡಿತು. ಇಬ್ಬರೂ ಬಿದ್ದೂ ಎದ್ದೂ ಬಂದು ಪಲ್ಲವಿಗೆ ಒಟ್ಟಿಗೆ ಇಳಿದರು.

ಚಪ್ಪರದಲ್ಲಿ ಯಾರಿಗಾದರೂ ಗೊತ್ತಾಯಿತಾ? ಒಬ್ಬರಿಗೂ ಇಲ್ಲ. ಕೇಸರಿಬಾತು ನಡೀತಾ ಇತ್ತು. ಗೊತ್ತಾಗಬೇಕಾದವನಿಗೆ ಗೊತ್ತಾಯಿತು, ಸಾಕು.

ಕೀರ್ತನೆ ಮುಗಿದ ಮೇಲೆ ಡೋಲಿನವನು ಉರುಳಿದ ಅಡಿಕೆ ಹುಡುಕಿ ಚೀಲಕ್ಕೆ ಹಾಕಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ. "ಅದು ನಮ್ಮವ್ವ ಹಾಡ್ತಿದ್ದದ್ದಲ್ವೇನಯ್ಯಾ?"

"ಹೂಂ ಭಾವ. ನಿಮ್ಮ ತಂಗಿ ಹೇಳಿಕೊಟ್ಟಳು."

ಅವರವ್ವ ಹೋಗಿ ಎಷ್ಟೋ ವರ್ಷವಾಗಿತ್ತು. ಡೋಲಿನವನು ಹೆಗಲ ಮೇಲಿನ ವಸ್ತ್ರದಲ್ಲಿ ಮುಖ ಒರೆಸಿಕೊಂಡ. "ಒಂದು ಕಡೆ ಜಾರಿದೆ ನೀನು," ಅಂದ.

"ಜಾರಿದೆ."

"ನಾಳೆ ಎಷ್ಟು ಹೊತ್ತಿಗೆ ಕೂರೋಣ?"

ಅಷ್ಟೇ ಕಥೆ. ಪಕ್ಕದೂರಿನ ಮೇಳದವರು ಬೇರೆ ಡೋಲಿನವನನ್ನ ನೋಡಿಕೊಂಡರು.

ಈಗ ನಿಮ್ಮ ಕಡೆ ಬರ್ತೀನಿ, ತಪ್ಪಿಸ್ಕೊಳ್ಳೋಕೆ ಆಗಲ್ಲ. ಇಲ್ಲಿ ಸಂಗೀತ ಕಲಿಯೋರು ಕೂತಿದೀರಿ, ಭಜನೆ ಮಾಡೋರು ಕೂತಿದೀರಿ. ಸ್ಫೂರ್ತಿ ಬರ್ತಿಲ್ಲ ಬುದ್ಧಿ, ಬೆಳವಣಿಗೆ ನಿಂತುಹೋಗಿದೆ ಅಂತೀರಿ. ಸ್ಫೂರ್ತಿ ಏನು ಬೆಳಗಿನ ಬಸ್ಸೇ, ಸ್ಟ್ಯಾಂಡಲ್ಲಿ ಕಾಯ್ತಾ ಕೂರೋಕೆ? ನೀವು ದಿನಾ ಎಲ್ಲಿ ನಿಲ್ಲಿಸ್ತೀರಿ ಅಂತ ಯಾವತ್ತಾದರೂ ನೋಡಿಕೊಂಡಿದೀರಾ? ಯಾಕೆ ಅಲ್ಲೇ ನಿಲ್ಲಿಸ್ತೀರಿ? ನಿಮಗೆ ಉಸಿರು ಸಾಲದೆಯೋ, ಇನ್ನ್ಯಾರಿಗೋ ಸಾಲಲಿಲ್ಲ ಅಂತಲೋ?

ಹಂಗಂತ ಗುರುವನ್ನ ಬಿಡಿ ಅಂದೆನಾ? ಇಲ್ಲ. ಗುರು ಹತ್ತಿಸಿದ ಮೆಟ್ಟಿಲಿಲ್ಲದೆ ಅವನಿಗೆ ಷಡ್ಜವೇ ಸಿಗ್ತಿರಲಿಲ್ಲ. ಅಲ್ಲಿವರೆಗೆ ಗುರುವಿನದು. ಅಲ್ಲಿಂದ ಮುಂದಿನ ಒಂದು ಸುತ್ತು ನಿಮ್ಮದು. ಅದನ್ನ ಖಾಲಿ ಬಿಟ್ಟು ಗುರುಭಕ್ತಿ ಅಂತ ಹೆಸರಿಡಬೇಡಿ.

ಏನು ಮಾಡಬೇಕು? ನಾಳೆಯಿಂದ, ನಿಮ್ಮ ಮನೆಯಲ್ಲಿ ಹಾಡ್ತಾ ಕೆಲಸ ಮಾಡೋರು ಯಾರಿದ್ದಾರೋ ಅವರ ಪಕ್ಕ ಹೋಗಿ ಕೂತ್ಕೊಳ್ಳಿ. ಅತ್ತೆ ಇರಬಹುದು, ಅಜ್ಜಿ ಇರಬಹುದು, ಬೀದಿಯಲ್ಲಿ ಸೊಪ್ಪು ಮಾರೋಳಿರಬಹುದು. ಇದೇನು ಸಂಗೀತ ಅಂತ ಮೂಗು ಮುರೀಬೇಡಿ. ಇನ್ನೊಂದ್ಸಲ ಹಾಡಮ್ಮ ಅಂತ ಬಾಯಿಬಿಟ್ಟು ಕೇಳಿ, ಕೇಳೋದ್ರಿಂದ ಯಾರ ವಿದ್ವತ್ತೂ ಸವೆಯಲ್ಲ. ಆಮೇಲೆ ಸಾಧನೆಗೆ ಕೂತಾಗ, ದಿನಾ ನಿಲ್ಲಿಸೋ ಜಾಗಕ್ಕೆ ಬನ್ನಿ, ಅಲ್ಲಿಂದ ಎರಡೇ ಎರಡು ಸ್ವರ ಮುಂದಕ್ಕೆ ಹೋಗಿ. ಮೊದಲ ದಿನ ಕೆಟ್ಟದಾಗಿ ಬರುತ್ತೆ, ಬರಲಿ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ತಾರೆ, ಮುಚ್ಚಿಕೊಳ್ಳಲಿ. ನಿಮ್ಮ ಎದೆಯಲ್ಲಿ ಉಸಿರಿದೆ. ಇರೋವಾಗ ನಿಲ್ಲಿಸಬೇಡಿ.