ಇಪ್ಪತ್ತು ಎಂದವಳು ನಾನಲ್ಲ

ಸುಕನ್ಯ, ಗಂಡನ ಹೆಸರು ವಸಂತ್, ವಯಸ್ಸು 38 ವರ್ಷ, ಮಹದೇವಪುರದ ಖಾಸಗಿ ವಿದ್ಯುತ್ ಘಟಕವೊಂದರಲ್ಲಿ ಶಿಫ್ಟ್ ಇಂಜಿನಿಯರ್, ವಾಸ ಮರ್ಫಿ ಟೌನ್, ಬೆಂಗಳೂರು. ಠಾಣೆಗೆ ಕರೆಸಿ ವಿಚಾರಿಸಲಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಘಟಕದಲ್ಲಿ ಗ್ಯಾಸಿನಿಂದ ಓಡುವ ಎರಡು ಇಂಜಿನ್‌ಗಳಿವೆ. ಎರಡೂ ಓಡಿದರೆ ಇಪ್ಪತ್ತು ಮೆಗಾವ್ಯಾಟ್. ಎಷ್ಟು ಕೊಡಬಲ್ಲೆವೆಂದು ವಿದ್ಯುತ್ ಜಾಲದ ನಿಯಂತ್ರಣ ಕೇಂದ್ರಕ್ಕೆ ಫೋನಿನಲ್ಲಿ ತಿಳಿಸುವುದು ಶಿಫ್ಟಿನಲ್ಲಿರುವವರ ಕೆಲಸ. ಅದನ್ನು ನಂಬಿಯೇ ಅವರು ಏರಿಯಾಗಳಿಗೆ ಕರೆಂಟ್ ಹಂಚುತ್ತಾರೆ.

ಆಯುಧಪೂಜೆಯ ದಿನ ಬೆಳಿಗ್ಗೆ ಇಂಜಿನ್ ನಿಲ್ಲಿಸಿ ಪೂಜೆ ಮಾಡಿದೆವು. ಮ್ಯಾನೇಜರ್ ಮುನಿರಾಜಪ್ಪನವರು ಎರಡನೇ ಇಂಜಿನ್ನಿನ ಫ್ಯಾನಿಗೆ ಅರಿಶಿನ ಕುಂಕುಮ ಹಚ್ಚಲೆಂದು ಜಾಲರಿ ಬಿಚ್ಚಿಸಿ, ಅದರ ಪಕ್ಕದಲ್ಲೇ ಬಾಳೆಕಂದು ಕಟ್ಟಿಸಿದರು. ಅಲ್ಲಿ ಬೇಡ, ಫ್ಯಾನ್ ಎಳೆದುಕೊಳ್ಳುತ್ತದೆ ಎಂದೆ. ಹೋದ ವರ್ಷ ಏನೂ ಆಗಲಿಲ್ಲ ಎಂದರು. ಹೋದ ವರ್ಷ ಕಟ್ಟಿದ್ದು ಗೇಟಿಗೆ. ಮಧ್ಯಾಹ್ನ 12.10ಕ್ಕೆ ಇಂಜಿನ್ ಚಾಲೂ ಮಾಡಿದ ಕೂಡಲೇ ಬಾಳೆಕಂದು ಒಳಗೆ ಹೋಗಿ, ಫ್ಯಾನಿನ ರೆಕ್ಕೆ ಮುರಿದು, ರೇಡಿಯೇಟರ್ ತೂತಾಯಿತು.

ಉಳಿದದ್ದು ಒಂದು ಇಂಜಿನ್. ನಾನು 12.25ಕ್ಕೆ ಕೇಂದ್ರಕ್ಕೆ ಫೋನ್ ಮಾಡಿ ಹತ್ತು ಎಂದು ತಿಳಿಸಿದೆ. ಮ್ಯಾನೇಜರ್ ಓಡಿ ಬಂದು, "ಹಬ್ಬದ ದಿನ ಯಾಕಮ್ಮ ಅಪಶಕುನ ನುಡೀತೀಯ? ಓನರ್ ಈಗಷ್ಟೇ ಮಂಗಳಾರತಿ ತಗೊಂಡು ಹೋದ್ರು. ಇಪ್ಪತ್ತು ಅಂತ ಹೇಳು, ನಾಳೆ ನೋಡ್ಕೊಳೋಣ" ಎಂದರು. "ಇಲ್ದಿರೋ ಕರೆಂಟನ್ನ ಹೆಂಗ್ ಸರ್ ಇದೆ ಅನ್ನೋದು?" ಎಂದೆ. ಊಟ ಮಾಡಿ ಮನೆಗೆ ಹೋಗು ಎಂದು ನನ್ನನ್ನು ಕಂಟ್ರೋಲ್ ರೂಮಿನಿಂದ ಹೊರಗೆ ಕಳಿಸಿದರು. ಬಾಗಿಲು ದಾಟುವಷ್ಟರಲ್ಲೇ ಅವರು ಫೋನಿನಲ್ಲಿ, "ಸುಕನ್ಯ ಮೇಡಂ ಗಾಬರಿಯಲ್ಲಿ ತಪ್ಪು ಹೇಳ್ಬಿಟ್ರು, ಇಪ್ಪತ್ತೇ ಬರ್ಕೊಳಿ, ಅವರ ಹೆಸರಲ್ಲೇ ಇರ್ಲಿ" ಎಂದದ್ದು ಕೇಳಿಸಿತು. ಹೊರಗೆ ಬಂದು ನನ್ನ ಮೊಬೈಲಿನಿಂದ ಕೇಂದ್ರಕ್ಕೆ ಮಾಡಿದೆ. ಘಟಕದ ಲೈನಿನಿಂದ ಬಂದರೆ ಮಾತ್ರ ತೆಗೆದುಕೊಳ್ಳುವುದು ಎಂದರು. ಯಾರ ಹತ್ತಿರ ತಲೆ ಚಚ್ಚಿಕೊಳ್ಳುವುದೋ ನನಗೆ ತಿಳಿಯಲಿಲ್ಲ.

ಸಂಜೆ 6.40ಕ್ಕೆ ಕೇಂದ್ರದವರು ಇಪ್ಪತ್ತು ಕೇಳಿದರು, ಹತ್ತು ಸಿಕ್ಕಿತು. ಮರ್ಫಿ ಟೌನಿನಲ್ಲಿ ಕರೆಂಟ್ ಹೋಯಿತು. ನಮ್ಮ ಮೇಲಿನ ಮನೆಯ ಶಮೀಮ್ ಆಂಟಿ ಕತ್ತಲಲ್ಲಿ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡರು. ಅವರ ಮಗ ಜಾಫರ್ ದೂರು ಕೊಟ್ಟಿದ್ದಾರೆ. ಸುಳ್ಳು ಲೆಕ್ಕ ಕೊಟ್ಟವಳು ನಾನೇ ಎಂದು ಕಂಪನಿಯವರು ತಮಗೆ ಬರೆದುಕೊಟ್ಟಿದ್ದಾರೆ.

ಕೇಂದ್ರಕ್ಕೆ ಹೋಗುವ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ತರಿಸಿ ಎಂದು ಎಷ್ಟು ಸಲ ಕೇಳಿದರೂ ಹಬ್ಬದ ರಜೆ ಎಂದೇ ಹೇಳುತ್ತಿದ್ದೀರಿ. ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಆಂಟಿ, "ನೀನೇ ಅಂತೆ ಬೇಟಿ, ಕರೆಂಟ್ ಇದೆ ಅಂತ ಹೇಳಿದ್ದು" ಎಂದು ಮುಖ ತಿರುಗಿಸಿಕೊಂಡರು. ಕೇಸಿಗಿಂತ ನನಗೆ ಅದೇ ಹೆಚ್ಚು ನೋವಾಗಿದೆ. ರೆಕಾರ್ಡ್ ಬಂದ ಮೇಲೆ ಠಾಣೆಯ ಸಾಹೇಬರು ಕೇಳಿಸಿಕೊಳ್ಳುವ ಮೊದಲು ಅದನ್ನು ಆಂಟಿಯ ಹಾಸಿಗೆಯ ಹತ್ತಿರ ಹಾಕಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಷ್ಟನ್ನೂ ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಬರೆದಿದೆ, ಎಲ್ಲವೂ ನಿಜ.

ಸ್ಥಳ: ಬೆಂಗಳೂರು
ದಿನಾಂಕ: 04-10-2025
ಸಹಿ: ಸುಕನ್ಯ