ಕೈ ಎತ್ತಿದರೆ ಸರಿ

ಎಷ್ಟು ಸಲ ಹೇಳ್ಲಿ ಅಕ್ಕ, ನೋಡಿಲ್ಲ. ಎರಡು ತಿಂಗಳಿಂದ ನಾನು ಆ ಕಾರಿನ ಮುಖಾನೂ ನೋಡಿಲ್ಲ, ನಿನ್ನ ಗಂಡನ ಮುಖಾನೂ ನೋಡಿಲ್ಲ. ಆಸ್ಪತ್ರೆಗೆ ಯಾಕೆ ಬರ್ಲಿಲ್ಲ ಅಂತ ಕೇಳು, ಅದು ಬೇರೆ ಮಾತು, ಅದಕ್ಕೆ ಬೈಸ್ಕೋತೀನಿ. ಬಂದವಳೇ ಬಾಗಿಲಲ್ಲಿ ನಿಂತು, ಕಾರು ನೋಡಿದ್ಯಾ, ಕಾರು ನೋಡಿದ್ಯಾ ಅಂದ್ರೆ… ಅಯ್ಯೋ, ಆ ಸ್ಟೂಲ್ ಮೇಲೆ ಕೂರ್ಬೇಡ, ಅದಕ್ಕೆ ಅಂಟು ಮೆತ್ತಿದೆ. ಇರು, ಕುರ್ಚಿ ಒರೆಸಿ ಕೊಡ್ತೀನಿ.

ಟೀ ಬೇಡ್ವಾ? ನೀರು? ಸರಿ ಬಿಡು. ಆ ಚೀಲನಾದ್ರೂ ಕೆಳಗಿಡು, ಯಾಕೆ ಹಾಗೆ ಅಪ್ಪಿಕೊಂಡು ಕೂತಿದ್ದೀಯ.

ಡಾಕ್ಟ್ರು ಏನಂದ್ರು? … ಸೊಂಟ ಅಂತ ಗೊತ್ತು. ಸೊಂಟ, ಎರಡೂ ಕಾಲು. ರೇಸಲ್ಲಿ ಕಾರು ತಿರುವಲ್ಲಿ ಗಿರ್ರನೆ ತಿರುಗಿ ಗೋಡೆಗೆ ಬಡೀತು ಅಂತ ನಮ್ಮ ಷೆಡ್ಡಿನ ಪೇಂಟಿನವನು ಬಂದು ಹೇಳ್ದ. ನಮ್ಮ ಮನೆ ಸುದ್ದೀನೂ ಈಗ ಪೇಂಟಿನವನೇ ಹೇಳ್ಬೇಕು ನಂಗೆ. ಮತ್ತೆ ನಡೀತಾರಂತಾ? … ಬರೀ ತಲೆ ಆಡಿಸ್ಬೇಡ ಅಕ್ಕ, ಬಾಯಿಬಿಟ್ಟು ಏನಾದ್ರೂ ಹೇಳು.

ನೀನು ಏನು ಯೋಚ್ನೆ ಮಾಡ್ತಿದ್ದೀಯ ಅಂತ ಗೊತ್ತು. ತಮ್ಮನಿಗೆ ಒಳಗೊಳಗೇ ಖುಷಿ ಅಂತ. ಖುಷಿ ಇಲ್ಲ. ಉರಿ ಇದೆ, ಇಲ್ಲ ಅನ್ನಲ್ಲ. ಹನ್ನೊಂದು ವರ್ಷ ಅಕ್ಕ. ಹನ್ನೊಂದು ವರ್ಷ ಆ ಕಾರಿನ ಮೈಮೇಲೆ ಗಾಳಿ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಅಂತ ಲೆಕ್ಕ ಹಾಕ್ಕೊಂಡು ಕೂತವನು ನಾನು. ಮೊದಲ ರೆಕ್ಕೆ ಮಾಡಿದಾಗ ನೀನೇ ನಗಾಡಿದ್ದೆ, ನೆನಪಿದ್ಯಾ? "ಏನೋ, ನನ್ನ ಗಂಡನ್ನ ಹಾರಿಸ್ಬಿಡ್ತೀಯಾ?" ಅಂದೆ. ಹಾರಿಸೋಕಲ್ಲ, ನೆಲಕ್ಕೆ ಒತ್ತಿ ಹಿಡಿಯೋಕೆ ಅಂತ ಇದೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ವಿಮಾನದ ರೆಕ್ಕೇನ ತಲೆಕೆಳಗು ಮಾಡಿದ್ರೆ ಕಾರಿನ ರೆಕ್ಕೆ, ಅಷ್ಟೇ. ಅವತ್ತಿಂದ ಭಾವ ನನ್ನ ಗಾಳಿ ಮೇಸ್ತ್ರಿ ಅಂತ ಕರೆಯೋಕೆ ಶುರು ಮಾಡಿದ್ರು. ಬೇರೆ ಮೇಸ್ತ್ರಿಗಳು ಗೋಡೆ ಕಟ್ತಾರೆ, ನನ್ನ ಭಾಮೈದ ಗಾಳಿ ಕಟ್ತಾನೆ ಅಂತ ಎಲ್ರ ಮುಂದೆ ಹೇಳ್ಕೊಂಡು ಓಡಾಡ್ತಿದ್ರು.

ಅದೇ ಮನುಷ್ಯ ಎರಡು ತಿಂಗಳ ಹಿಂದೆ ಬಂದು ಏನಂದ್ರು? "ಕಾರಿಗೆ ಸ್ವಲ್ಪ ರೆಸ್ಟ್ ಕೊಡೋಣ ಕಣೋ, ನಂಗೂ ಬೆನ್ನು ನೋವು" ಅಂದ್ರು. ನಂಬಿದೆ. ಬೆನ್ನಿಗೆ ಹಚ್ಚೋಕೆ ಎಣ್ಣೆ ಬೇರೆ ಕಳಿಸಿದೆ, ನೀನೇ ತಗೊಂಡು ಹೋಗಿದ್ದು. ನೋಡಿದ್ರೆ ಕಾರು ಮೇಲಿನ ರಸ್ತೆಯ ಹೊಸ ಷೆಡ್ಡಲ್ಲಿದೆ. ಗಾಜಿನ ಬಾಗಿಲಂತೆ, ಒಳಗೆ ಶೂ ಬಿಟ್ಟು ಹೋಗ್ಬೇಕಂತೆ. ಕಂಪ್ಯೂಟರಲ್ಲಿ ಕಾರಿನ ಸುತ್ತ ನೀಲಿ ಗೆರೆ, ಹಸಿರು ಗೆರೆ ಓಡಾಡಿಸ್ತಾರಂತೆ. ಓಡಾಡಿಸ್ಲಿ, ಯಾರು ಬೇಡ ಅಂದ್ರು. ಹೋಗ್ಬೇಕು ಅಂತಿದ್ರೆ ಎದುರಿಗೆ ನಿಂತು ಹೇಳಿ ಹೋಗ್ಬೇಕಿತ್ತು.

ನಿಂಗೂ ಗೊತ್ತಿತ್ತಾ ಅಕ್ಕ?

… ಗೊತ್ತಿತ್ತು. ಎಣ್ಣೆ ಬಾಟ್ಲಿ ಇಸ್ಕೊಳ್ಳುವಾಗ ನೀನು ನನ್ನ ಮುಖ ನೋಡ್ಲಿಲ್ಲ. ಆಗ್ಲೇ ನಂಗೆ ಅರ್ಥ ಆಗ್ಬೇಕಿತ್ತು.

ಬರಿಗೈಲೂ ಹೋಗ್ಲಿಲ್ಲ ಅವರು. ಆ ಗೋಡೆ ನೋಡು, ಮೂರು ಮೊಳೆ ಖಾಲಿ ಇದ್ಯಲ್ಲ, ಅಲ್ಲಿ ನನ್ನ ರಟ್ಟುಗಳು ನೇತಾಡ್ತಿದ್ವು. ನಿಮ್ಮನೆ ಫ್ರಿಜ್ ಬಂದ ಡಬ್ಬ ಕತ್ತರಿಸಿ ಮಾಡಿದ ಅಳತೆ ರಟ್ಟು. ಸ್ಪ್ಲಿಟರ್‌ದು. ಮುಂದಿನ ಬಂಪರ್ ಕೆಳಗೆ ನೆಲಕ್ಕೆ ತಾಗೋ ಹಾಗೆ ಹಲಗೆ ಚಾಚಿರುತ್ತಲ್ಲ, ಅದು. ಎಂಟು ಸಲ ಕತ್ತರಿಸಿ ಎಂಟು ಸಲ ಎಸೆದೆ, ಒಂಬತ್ತನೇದು ಸರಿಯಾಗಿ ಕೂತಿತ್ತು. ಅದನ್ನ ಎತ್ಕೊಂಡು ಹೋಗಿ ಆ ಹೊಸ ಷೆಡ್ಡಿನವರ ಕೈಗೆ ಕೊಟ್ರು. ಕೇಳಿದ್ರೆ ಕೊಡ್ತಿದ್ದೆ ಅಕ್ಕ. ಕೇಳಿದ್ರೆ ನಾನು ಇಲ್ಲ ಅಂತಿದ್ನಾ?

ಅಳ್ತಿಲ್ಲ. ಫೈಬರ್ ಧೂಳು, ಕಣ್ಣಿಗೆ ಬೀಳುತ್ತೆ.

ಆ ಷೆಡ್ಡಿನವರು ಮಾಡಿದ್ದೇನು ಗೊತ್ತಾ? ಮುಂದೆ ನನ್ನ ಸ್ಪ್ಲಿಟರ್, ಹಿಂದೆ ಅವರ ರೆಕ್ಕೆ. ಕಾರ್ಬನ್‌ದು, ಮಿರಮಿರ ಮಿಂಚುತ್ತಂತೆ, ನೋಡೋಕೆ ಚೆಂದ ಇರ್ಲಿ ಅಂತ ತಗ್ಗಿಸಿ ಕೂರಿಸಿದ್ದಾರೆ. ಪೇಂಟಿನವನು ಹೇಳಿದ್ದು, ನಾನೇನು ನೋಡಿಲ್ಲ. ಛಾವಣಿ ಮರೇಲಿ ಕೂತ ರೆಕ್ಕೆಗೆ ಗಾಳಿ ಎಲ್ಲಿ ಸಿಗುತ್ತೆ? ಮೂತಿ ನೆಲ ಕಚ್ಚಿಕೊಂಡಿರುತ್ತೆ, ಹಿಂಭಾಗ ಹಗುರ. ಮೆಲ್ಲಗೆ ಹೋದ್ರೆ ಏನೂ ಗೊತ್ತಾಗಲ್ಲ. ಆ ಉದ್ದದ ತಿರುವಲ್ಲಿ ಪೂರ್ತಿ ವೇಗದಲ್ಲಿ ಸ್ಟೇರಿಂಗ್ ತಿರುಗಿಸಿದ್ರೆ ಮುಂದಿನ ಚಕ್ರ ಹೇಳಿದ ಮಾತು ಕೇಳುತ್ತೆ, ಹಿಂದಿನದು ನಾನು ಬರಲ್ಲ ಅನ್ನುತ್ತೆ. ಅದೇ ಆಗಿದ್ದು.

ಅವರ ಕಂಪ್ಯೂಟರ್ ಹೇಳ್ಬೇಕಿತ್ತು ತಾನೇ? ನಾವು ಹೇಗೆ ನೋಡ್ತಿದ್ವಿ, ನಿಂಗೊತ್ತಲ್ಲ. ನೀನು ಬಿಳಿ ಉಲ್ಲನ್ ದಾರ ಗೇಣುದ್ದ ಕತ್ತರಿಸಿ ಕೊಡ್ತಿದ್ದೆ, ಛಾವಣಿ ಮೇಲೆ, ರೆಕ್ಕೆ ಮೇಲೆ ಟೇಪ್ ಹಚ್ಚಿ ಅಂಟಿಸ್ತಿದ್ವಿ. ರೇಸಿನ ದಿನ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ಭಾವ ಈ ಗೇಟಿನ ಮುಂದೆ ಜೋರಾಗಿ ಹಾದು ಹೋಗೋರು. ನಾನು ಗೇಟಲ್ಲಿ ನಿಂತು ದಾರ ನೋಡೋನು. ದಾರ ಎಲ್ಲಾ ಮೈಗಂಟಿ ಹಿಂದಕ್ಕೆ ಮಲಗಿದ್ರೆ ಗಾಳಿ ಸರಿಯಾಗಿ ಹರೀತಿದೆ ಅಂತ, ಕೈ ಎತ್ತೋದು. ಎದ್ದು ಕುಣಿದ್ರೆ ಕೈ ಎತ್ತಲ್ಲ. ಭಾವ ಕನ್ನಡೀಲಿ ನೋಡ್ಕೊಳ್ಳೋರು. ಕೈ ಎತ್ತಿದ್ರೆ ಮುಂದೆ ನಿಲ್ಲಿಸಿ ದಾರ ಕಿತ್ತು ಹಾಕಿ ಸೀದಾ ಟ್ರ್ಯಾಕಿಗೆ. ಎತ್ತಿಲ್ಲ ಅಂದ್ರೆ ತಿರುಗಿಸ್ಕೊಂಡು ವಾಪಸ್ ಇಲ್ಲಿಗೆ, ರೇಸ್ ತಪ್ಪಿದ್ರೆ ತಪ್ಲಿ. ಹನ್ನೊಂದು ವರ್ಷದಲ್ಲಿ ಒಂದ್ಸಲಾನೂ ಯಾಕೆ ಅಂತ ಕೇಳ್ಲಿಲ್ಲ ಅವರು.

ಅಷ್ಟು ನಂಬಿಕೆ ಇದ್ದವರು ಹೀಗೆ ಮಾಡ್ತಾರಾ? ನೀನೇ ಹೇಳು.

ವಿಚಾರಣೆಗೆ ಬಂದವರ ಹತ್ರ ಏನಂದ್ರಂತೆ ಗೊತ್ತಲ್ಲ? "ನನ್ನದೇ ತಪ್ಪು, ಕಾರನ್ನ ಯಾರಿಗೂ ತೋರಿಸ್ದೆ ಓಡಿಸ್ದೆ." ಹಾಗಂದಿದ್ದು ನಿಜ ತಾನೇ? … ನೋಡು, ನಿಜ. ಅವರೇ ಒಪ್ಕೊಂಡ್ಮೇಲೆ ನನ್ನ ಹತ್ರ ಏನು ಕೇಳೋಕೆ ಬಂದೆ ನೀನು? ಇಷ್ಟು ವರ್ಷ ಓಡಿಸಿದವರಿಗೆ ತಿಳೀಬೇಕಿತ್ತು ಅಕ್ಕ. ದಾರಿಹೋಕನಿಗೂ ಕಾಣ್ತಿತ್ತು. ರೆಕ್ಕೆ ಮೇಲೆ ಒಂದೇ ಒಂದು ದಾರ ಮಲಗಿರ್ಲಿಲ್ಲ, ಕೆಂಪು ಹುಳದ ಹಾಗೆ ಎಲ್ಲಾ ಎದ್ದು ಒದ್ದಾಡ್ತಾ, ಎರಡಂತೂ ಮುಂದಕ್ಕೇ ತಿರುಗಿ…

ಏನಾಯ್ತು? ಯಾಕೆ ಹಾಗೆ ನೋಡ್ತಿದ್ದೀಯ?

ಕೆಂಪಾ? ಕೆಂಪು ಅಂದ್ನಾ ನಾನು? ಬಿಳಿ. ಯಾವಾಗ್ಲೂ ಬಿಳೀದೇ ತಾನೇ… ಫೋಟೋದಲ್ಲಿ ನೋಡಿದ್ದು ಅಕ್ಕ, ಪೇಂಟಿನವನ ಫೋನಲ್ಲಿ. ರೇಸಿಂದು… ಅಲ್ಲ. ರೇಸಿನ ಫೋಟೋದಲ್ಲಿ ದಾರ ಎಲ್ಲಿರುತ್ತೆ. ಕಿತ್ತು ಹಾಕಿರ್ತಾರೆ.

ಏನದು, ಚೀಲದಿಂದ ಏನು ತೆಗೀತಿದ್ದೀಯ?

… ಓ.

ನಿನ್ನ ಕೆಂಪು ಸ್ವೆಟರು. ಒಂದು ತೋಳು ಅರ್ಧ ಬಿಚ್ಚಿದೆ. ರೇಸಿನ ದಿನ ಬೆಳಿಗ್ಗೆ ಎದ್ದು ಭಾವ ದಾರ ಕೇಳಿದ್ರು, ಬಿಳೀದು ಮುಗಿದಿತ್ತು, ಇದನ್ನೇ ಬಿಚ್ಚಿ ಕತ್ತರಿಸಿ ಕೊಟ್ಟೆ. ಅಲ್ವಾ? ಗಾಜಿನ ಬಾಗಿಲಿನ ಷೆಡ್ಡಿನವರಿಗೆ ದಾರ ಯಾಕೆ ಅಂತ ನೀನು ಕೇಳ್ಲಿಲ್ಲ. ದಾರ ಅಂದ್ರೆ ಎಲ್ಲಿಗೆ ಹೋಗ್ತಾರೆ ಅಂತ ನಿಂಗೆ ಗೊತ್ತಿತ್ತು. ಅದಕ್ಕೇ ಒಂದೇ ಪ್ರಶ್ನೆ ಇಟ್ಕೊಂಡು ಬಂದೆ. ನಾನು ಮೊದಲ ಸಲ ಇಲ್ಲ ಅಂದಾಗ್ಲೇ ಎದ್ದು ಹೋಗ್ಬಹುದಿತ್ತು ನೀನು. ಕೂತೆ. ಹೇಳ್ಲಿ ಅಂತ ಕೂತೆ.

ಬಂದಿದ್ರು ಅಕ್ಕ.

ಆರೂವರೆ. ಶಬ್ದ ಕೇಳಿದ ಕೂಡ್ಲೇ ಕಾಲು ತಾನಾಗೇ ಗೇಟಿಗೆ ಹೋಯ್ತು. ಎರಡು ತಿಂಗಳು ಮಾತಿಲ್ಲ ಕತೆಯಿಲ್ಲ, ಆದ್ರೂ ನನ್ನ ಗೇಟಿನ ಮುಂದೇನೇ ಬಂದ್ರು. ಆ ಕಂಪ್ಯೂಟರ್ ಸಾಲದೆ ನನ್ನ ಕಣ್ಣು ಬೇಕಾಗಿ ಬಂದ್ರು. ಅದು ಈಗ ಹೊಳೀತಿದೆ ನಂಗೆ. ಆಗ ಹೊಳೆದಿದ್ದು, ಯಾವ ಮುಖ ಇಟ್ಕೊಂಡು ಬಂದ್ರು ಇವರು ಅಂತ. ದಾರ ನೋಡಿದೆ. ಎಲ್ಲಾ ಕುಣೀತಿತ್ತು. ಸ್ವಲ್ಪ ದೂರ ಹೋದ್ಮೇಲೆ ಬ್ರೇಕ್ ದೀಪ ಹತ್ತಿತು. ನಿಧಾನ ಮಾಡಿ ಕನ್ನಡೀಲಿ ಕಾಯ್ತಿದ್ರು.

ಒಂದ್ಸಲ ಟ್ರ್ಯಾಕ್ ಪಕ್ಕದ ಹುಲ್ಲಿಗೆ ಜಾರ್ಲಿ, ನಾಲ್ಕು ಜನ ನಗ್ಲಿ, ಆಮೇಲೆ ತಾವಾಗೇ ನನ್ನ ಷೆಡ್ಡಿಗೆ ಬರ್ತಾರೆ ಅಂದ್ಕೊಂಡೆ. ಅಷ್ಟೇ ಅಂದ್ಕೊಂಡಿದ್ದು. ನಿನ್ನಾಣೆ.

ಕೈ ಎತ್ತಿದೆ ಅಕ್ಕ. ಇದೇ ಕೈ.

ಭಾವ ನಿಂಗೂ ಹೇಳಿಲ್ವಾ? … ನಿನ್ನ ಹತ್ರಾನೂ ಯಾರಿಗೂ ತೋರಿಸಿಲ್ಲ ಅಂತಾನೇ ಅಂದ್ರಾ? ಮೈಯೆಲ್ಲ ಮುರ್ಕೊಂಡು ಮಲಗಿದ ಕಡೆಯಿಂದ್ಲೇ ನನ್ನ ಹೆಸರು ಬರದ ಹಾಗೆ ನೋಡ್ಕೊಂಡಿದ್ದಾರೆ. ಭಾವ ಮೋಸ ಮಾಡಿದ್ರು ಅಂತ ಕಂಡಕಂಡವರ ಮುಂದೆ ಹೇಳ್ಕೊಂಡು ಬಂದವನು ನಾನು.

ಎದ್ಯಾ? ಇರು, ನಾನೂ ಬರ್ತೀನಿ ಆಸ್ಪತ್ರೆಗೆ. ಕಾಲು ಹಿಡ್ಕೋತೀನಿ… ಯಾವ ಕಾಲು ಹಿಡ್ಕೊಳ್ಲಿ.

ಒಂದು ಮಾತು ಆಡಿ ಹೋಗು ಅಕ್ಕ. ಬೈದುಬಿಡು. ಮಾತು ಬೇಡ್ವಾ, ಬೇಡ. ಗೇಟ್ ಹತ್ರ ಹೋಗಿ ಒಂದ್ಸಲ ತಿರುಗಿ ನಿಲ್ಲು ಸಾಕು. ನಾನು ಬರಬಹುದು ಅಂದ್ರೆ ಕೈ ಎತ್ತು. ಇಲ್ಲೇ ನಿಂತಿರ್ತೀನಿ.

ಅಕ್ಕ?

… ನಿಂತಿದ್ದೀಯ. ನೋಡ್ತಾನೂ ಇದ್ದೀಯ. ಕೈ ಎರಡೂ ಚೀಲದ ಮೇಲೇ ಇದೆ.

ಆಯ್ತು ಅಕ್ಕ. ಸರಿ ಇಲ್ಲ ಅಂದ್ರೆ ಎತ್ತಬಾರದು.